ಹದಿಮೂರನೆಯ ಅಂಕಿ

ನಮ್ಮ ಮನೆಯಲ್ಲಿ ಅಕ್ಕಿ ತರುವುದು ಕಿಲೋ ಲೆಕ್ಕದಲ್ಲಿ, ಅನ್ನಕ್ಕಿಡುವುದು ಪಾವಿನ ಲೆಕ್ಕದಲ್ಲಿ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಒಂದು ಪಾವಿಗೆ ಎಷ್ಟು ಗ್ರಾಂ ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇವೆ. ಆದರೆ ಒಂದು ಪಾವಿಗೆ ಎಷ್ಟು ಜನ ಉಣ್ಣಬಹುದು ಎಂಬುದು ಕೈಗೇ ಗೊತ್ತು. ಹೊಸ ತೂಕ ಅಳತೆಗಳ ಕಾಯಿದೆ ಆದದ್ದು 1956ರಲ್ಲಿ. ಸೇರು, ಪಾವು, ಚಟಾಕುಗಳು ಅಂಗಡಿ ಬಿಟ್ಟು ಹೋದವು, ಅಡುಗೆಮನೆ ಬಿಟ್ಟು ಹೋಗಲಿಲ್ಲ.

ನಾಣ್ಯದ ಕಥೆ ಇನ್ನೂ ಸೊಗಸು. 1957ರ ಏಪ್ರಿಲ್ 1ರಂದು ರೂಪಾಯಿಗೆ 16 ಆಣೆಯ ಲೆಕ್ಕ ಹೋಗಿ 100 ನಯಾಪೈಸೆಯ ಲೆಕ್ಕ ಬಂತು. ನಾಲ್ಕಾಣೆಗೆ ಸರಿಯಾಗಿ 25 ಪೈಸೆ, ಎಂಟಾಣೆಗೆ ಸರಿಯಾಗಿ 50 ಪೈಸೆ. ಒಂದಾಣೆಗೆ ಮಾತ್ರ ಆರೂಕಾಲು ಪೈಸೆ. ಆ ಕಾಲು ಪೈಸೆಯನ್ನು ಯಾರು ಕೊಡಬೇಕು, ಯಾರು ಬಿಡಬೇಕು? ಹಾಗಾಗಿ ಒಂದಾಣೆ, ಎರಡಾಣೆಗಳು ನಮ್ಮ ಮಾತಿನಿಂದ ಮೆಲ್ಲಗೆ ಜಾರಿಹೋದವು. ನಾಲ್ಕಾಣೆ, ಎಂಟಾಣೆಗಳು ಹೊಸ ಲೆಕ್ಕದ ಒಳಗೇ ಹಳೆಯ ಹೆಸರು ಇಟ್ಟುಕೊಂಡು ಬಾಳಿದವು. 25 ಪೈಸೆಯ ನಾಣ್ಯವೇ 2011ರಲ್ಲಿ ಚಲಾವಣೆಯಿಂದ ಹೋದರೂ, ‘ನಾಲ್ಕಾಣೆ ಕಿಮ್ಮತ್ತಿಲ್ಲ’ ಎಂಬ ಬೈಗುಳ ಇನ್ನೂ ಚಲಾವಣೆಯಲ್ಲಿದೆ.

ಹೊಸ ಲೆಕ್ಕ ಬಂದರೆ ಹಳೆಯದು ಸಾಯುತ್ತದೆ, ಎರಡು ಪದ್ಧತಿಗಳು ಎದುರಾದರೆ ಒಂದು ಗೆದ್ದು ಇನ್ನೊಂದು ಸೋಲುತ್ತದೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ವ್ಯಾಪಾರದ ಚರಿತ್ರೆ ಓದಿದಾಗ ನನಗೆ ಹಾಗೆ ಕಾಣಲಿಲ್ಲ. ಒಂದೇ ಮನೆಗೆ ಬಂದ ಇಬ್ಬರು ಸೊಸೆಯಂದಿರ ಹಾಗೆ ಎರಡು ಪದ್ಧತಿಗಳು ಮುಖ ತಿರುಗಿಸಿಕೊಂಡೇ ಒಬ್ಬರ ಸಾರಿನ ಹದ ಇನ್ನೊಬ್ಬರು ಕಲಿತುಬಿಡುತ್ತವೆ. ಅವುಗಳಲ್ಲಿ ಯಾರು ಯಾರಿಗೆ ಜಾಗ ಬಿಟ್ಟರು, ಅದರ ಖರ್ಚು ಯಾರ ತಲೆಗೆ ಬಂತು ಎಂಬುದೇ ನೋಡಬೇಕಾದ ಸಂಗತಿ. ಇದನ್ನು ತಿಳಿಯಲು ದೊಡ್ಡ ಗ್ರಂಥ ಬೇಡ. ಒಂದು ಬಿಸ್ಕತ್ತಿನ ಪೊಟ್ಟಣ ಸಾಕು. ಅದರ ಮೈಮೇಲಿನ ಕಪ್ಪು ಗೆರೆಗಳನ್ನು ನೋಡಿ.

ಈ ಗೆರೆಗಳ ಮೂಲ ಒಬ್ಬ ದಿನಸಿ ವ್ಯಾಪಾರಿಯ ಗೋಳು. 1948ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿದ್ಯಾಸಂಸ್ಥೆಗೆ ಬಂದ ಆ ವ್ಯಾಪಾರಿ, ಗಲ್ಲಾಪೆಟ್ಟಿಗೆಯ ಮುಂದೆ ಸಾಮಾನಿನ ವಿವರವನ್ನು ತಾನೇ ಓದಿಕೊಳ್ಳುವ ಯಂತ್ರವೊಂದನ್ನು ಮಾಡಿಕೊಡಿ ಎಂದು ಅಲ್ಲಿನ ಡೀನರನ್ನು ಕೇಳಿದ. ಡೀನರು ಒಪ್ಪಲಿಲ್ಲ. ಆ ಮಾತು ಬರ್ನಾರ್ಡ್ ಸಿಲ್ವರ್ ಎಂಬ ತರುಣನ ಕಿವಿಗೆ ಬಿತ್ತು. ಆತ ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್‌ಗೆ ಹೇಳಿದ. ವುಡ್‌ಲ್ಯಾಂಡ್ ಮಯಾಮಿಯ ಸಮುದ್ರತೀರದಲ್ಲಿ ಕುಳಿತು ಇದನ್ನೇ ಯೋಚಿಸುತ್ತಿದ್ದವನು, ತಂತಿ ಕಳಿಸುವ ಮೋರ್ಸ್ ಸಂಕೇತದ ಚುಕ್ಕೆ ಗೀಟುಗಳನ್ನು ನೆನೆದು ಮರಳಿನ ಮೇಲೆ ಬೆರಳುಗಳನ್ನು ಎಳೆದನಂತೆ. ತೆಳ್ಳನೆಯ ಗೆರೆ, ದಪ್ಪನೆಯ ಗೆರೆ. 1952ರಲ್ಲಿ ಅವರಿಬ್ಬರಿಗೂ ಪೇಟೆಂಟ್ ಸಿಕ್ಕಿತು. ಆದರೆ ಗೆರೆಯನ್ನು ಓದಬಲ್ಲ ಅಗ್ಗದ ಯಂತ್ರ ಆಗ ಇರಲಿಲ್ಲ. ವಿಚಾರ ಇಪ್ಪತ್ತು ವರ್ಷ ಉಪ್ಪಿನಕಾಯಿ ಜಾಡಿಯ ಹಾಗೆ ಅಟ್ಟದಲ್ಲೇ ಕುಳಿತಿತು.

1970ರ ಹೊತ್ತಿಗೆ ಅಮೆರಿಕದ ದಿನಸಿ ತಯಾರಕರೂ ಅಂಗಡಿ ಮಾಲೀಕರೂ ಸೇರಿ ಒಂದು ಸಮಿತಿ ಮಾಡಿಕೊಂಡರು. ಅವರು ಮಾಡಿದ ಒಂದು ಜಾಣತನವನ್ನು ನಾನು ಮೆಚ್ಚುತ್ತೇನೆ. ಗುರುತು ಹೇಗಿರಬೇಕು ಎಂದು ಜಗಳವಾಡುವ ಮೊದಲು, ಸಂಖ್ಯೆ ಹೇಗಿರಬೇಕು ಎಂದು ತೀರ್ಮಾನಿಸಿದರು. ತಯಾರಿಸಿದವರಿಗೆ 5 ಅಂಕಿ, ಸಾಮಾನಿಗೆ 5 ಅಂಕಿ. ಔಷಧಿ ವ್ಯಾಪಾರದವರು ಅಷ್ಟರಲ್ಲಾಗಲೇ ತಮ್ಮದೇ 10 ಅಂಕಿಯ ಸಂಖ್ಯೆ ಮಾಡಿಕೊಂಡಿದ್ದರು. ಅವರನ್ನು ಹೊರಗಿಡಬಾರದೆಂದು ಮುಂದೆ ಇನ್ನೊಂದು ಅಂಕಿ ಸೇರಿತು: ಅದು 0 ಆದರೆ ದಿನಸಿ, 3 ಆದರೆ ಔಷಧಿ. ಕೊನೆಯಲ್ಲಿ, ಓದಿದ್ದು ಸರಿಯೇ ಎಂದು ಲೆಕ್ಕ ಹಾಕಿ ನೋಡಲು ತಾಳೆಯ ಅಂಕಿಯೊಂದು. ಒಟ್ಟು 12. ಹೀಗೆ ಹುಟ್ಟುವ ಮೊದಲೇ ಈ ಪದ್ಧತಿ ಇನ್ನೊಂದು ಪದ್ಧತಿಗೆ ಮಣೆ ಹಾಕಿತ್ತು.

ಆಮೇಲೆ ಗುರುತಿನ ಪಂದ್ಯ. ಆರ್.ಸಿ.ಎ. ಕಂಪನಿಯದು ಬಳೆಯೊಳಗೆ ಬಳೆ ಇಟ್ಟಂಥ ದುಂಡನೆಯ ಗುರುತು, ಐ.ಬಿ.ಎಂ. ಕಂಪನಿಯ ಜಾರ್ಜ್ ಲಾರರ್ ರೂಪಿಸಿದ್ದು ನೆಟ್ಟಗೆ ನಿಂತ ಗೆರೆಗಳು. ಮುದ್ರಣ ಯಂತ್ರದಲ್ಲಿ ಕಾಗದ ಓಡುವಾಗ ಶಾಯಿ ಸ್ವಲ್ಪ ಎಳೆದುಕೊಳ್ಳುವುದು ಸಹಜ. ದುಂಡು ಗುರುತು ಎಳೆದುಕೊಂಡರೆ ಕೆಟ್ಟಿತು. ಗೆರೆ ತನ್ನ ಉದ್ದಕ್ಕೇ ಎಳೆದುಕೊಂಡರೆ ಇನ್ನಷ್ಟು ಉದ್ದವಾಯಿತು, ಅಷ್ಟೇ. 1973ರ ಏಪ್ರಿಲ್ 3ರಂದು ಗೆರೆಗಳು ಗೆದ್ದವು. ಆ ಪದ್ಧತಿಗೆ ಯು.ಪಿ.ಸಿ. ಎಂದು ಹೆಸರು. 1974ರ ಜೂನ್ 26ರ ಬೆಳಿಗ್ಗೆ ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಮಾರ್ಷ್ ಅಂಗಡಿಯಲ್ಲಿ ಶರನ್ ಬುಕಾನನ್ ಎಂಬ ಗುಮಾಸ್ತೆ ಒಂದು ಚೂಯಿಂಗ್ ಗಮ್ ಕಟ್ಟನ್ನು ಗಾಜಿನ ಮೇಲೆ ಸರಿಸಿದಳು. 67 ಸೆಂಟ್ ಎಂದು ಬಿಲ್ಲು ಬಂತು. ಚರಿತ್ರೆಯಲ್ಲಿ ಗೆರೆ ಎಳೆದ ಗಂಡಸರ ಹೆಸರುಗಳ ನಡುವೆ, ಅದನ್ನು ಮೊದಲು ಓದಿಸಿದ ಈ ಹೆಣ್ಣುಮಗಳ ಹೆಸರೂ ಉಳಿದುಕೊಂಡಿದೆ.

ಗೃಹಿಣಿಯರು ಕೂಡಲೇ ಒಪ್ಪಿದರೆಂದಲ್ಲ. ಗೆರೆಗಳಲ್ಲಿ ಬೆಲೆ ಇರುವುದಿಲ್ಲ. ಇರುವುದು ಸಂಖ್ಯೆ ಮಾತ್ರ. ಬೆಲೆ ಅಂಗಡಿಯ ಗಣಕದಲ್ಲಿ ಕುಳಿತಿರುತ್ತದೆ. ಹಾಗಾದರೆ ಡಬ್ಬಿಯ ಮೇಲೆ ಬೆಲೆಯ ಚೀಟಿ ಅಂಟಿಸುವುದನ್ನೇ ನಿಲ್ಲಿಸಿಬಿಡುತ್ತಾರಲ್ಲ, ಕಪಾಟಿನಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು ಬೆಲೆ ಆದರೆ ಯಾರನ್ನು ಕೇಳುವುದು ಎಂದು ಗ್ರಾಹಕ ಸಂಘಗಳು ಗದ್ದಲ ಎಬ್ಬಿಸಿದವು. ಮಿಷಿಗನ್ ರಾಜ್ಯ 1976ರಲ್ಲಿ ಸಾಮಾನಿನ ಮೇಲೆ ಬೆಲೆ ಇರಲೇಬೇಕೆಂದು ಕಾನೂನನ್ನೇ ಮಾಡಿತು. ನಮ್ಮಲ್ಲಿ ಪೊಟ್ಟಣದ ಮೇಲೆ ಗರಿಷ್ಠ ಬೆಲೆ ಮುದ್ರಿಸುವುದು ಕಡ್ಡಾಯವಾದ್ದರಿಂದ ಈ ಅಳುಕು ನಮಗೆ ಅಷ್ಟಾಗಿ ತಟ್ಟಲಿಲ್ಲ.

ಇತ್ತ ಯೂರೋಪಿನವರು ಇದನ್ನೆಲ್ಲ ನೋಡುತ್ತಿದ್ದರು. ಅಮೆರಿಕದ್ದೇನೋ ಒಂದು ದೇಶದ ಲೆಕ್ಕ. ಅವರದು ಹಲವು ದೇಶಗಳ ಲೆಕ್ಕ. ಸಾಮಾನಿನ ಸಂಖ್ಯೆ ಎಲ್ಲಿಂದ ಕೊಟ್ಟದ್ದು ಎಂದು ಹೇಳಲು ಜಾಗ ಬೇಕು. 12 ಅಂಕಿ ಸಾಲದು. 1977ರಲ್ಲಿ 12 ದೇಶಗಳು ಸೇರಿ ಬ್ರಸೆಲ್ಸ್‌ನಲ್ಲಿ ತಮ್ಮದೇ ಸಂಘ ಕಟ್ಟಿದವು. ಅವರ ಪದ್ಧತಿಗೆ ಇ.ಎ.ಎನ್. ಎಂದು ಹೆಸರು, ಅದರಲ್ಲಿ 13 ಅಂಕಿ.

ಇಲ್ಲಿ ಅವರ ಮುಂದೆ ಎರಡು ದಾರಿ ಇತ್ತು. ಅಮೆರಿಕದ ಗೆರೆಗಳನ್ನು ಬಿಟ್ಟು ಹೊಸದನ್ನೇ ಮಾಡುವುದು ಒಂದು. ಆಗ ಅಮೆರಿಕದಿಂದ ಬಂದ ಡಬ್ಬಿ ಪ್ಯಾರಿಸ್ಸಿನ ಅಂಗಡಿಯಲ್ಲಿ ಮೂಕವಾಗುತ್ತಿತ್ತು. ಇನ್ನೊಂದು, ಅದೇ ಗೆರೆಗಳ ಒಳಗೆ ಹೇಗಾದರೂ ಇನ್ನೊಂದು ಅಂಕಿಯನ್ನು ತುರುಕುವುದು. ಗೆರೆಗಳ ಪಟ್ಟಿ ಅಗಲವಾಗಬಾರದು, ಹಳೆಯದೂ ಓದಲು ಬರುತ್ತಿರಬೇಕು. ಈ ಒಗಟನ್ನು ಬಿಡಿಸಿದ್ದು ಅಮೆರಿಕದ ಗೆರೆಗಳನ್ನು ರೂಪಿಸಿದ ಅದೇ ಲಾರರ್.

ಅದನ್ನು ಹೇಗೆ ಮಾಡಿದರು ಎಂಬುದನ್ನು ಸೀರೆಯ ಅಂಚಿನಿಂದ ಹೇಳಬಹುದು. ಅಂಚಿನಲ್ಲಿ ಆರು ಹಂಸಗಳಿವೆ ಎಂದಿಟ್ಟುಕೊಳ್ಳಿ. ಆರೂ ಬಲಕ್ಕೆ ಮುಖ ಮಾಡಿವೆ. ಈಗ ಹಂಸಗಳ ಸಂಖ್ಯೆ ಹೆಚ್ಚಿಸದೆ, ಅಂಚಿನ ಉದ್ದ ಹೆಚ್ಚಿಸದೆ ಇನ್ನೊಂದು ಸುದ್ದಿ ಹೇಳಬೇಕು. ಎರಡನೆಯ, ನಾಲ್ಕನೆಯ ಹಂಸಗಳನ್ನು ಎಡಕ್ಕೆ ತಿರುಗಿಸಿದರೆ ಒಂದು ಅರ್ಥ, ಮೂರನೆಯ, ಐದನೆಯವನ್ನು ತಿರುಗಿಸಿದರೆ ಇನ್ನೊಂದು ಅರ್ಥ ಎಂದು ಮೊದಲೇ ಮಾತಾಡಿಕೊಂಡರಾಯಿತು. ಲಾರರ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಪಟ್ಟಿಯ ಎಡಭಾಗದ ಆರು ಅಂಕಿಗಳಲ್ಲಿ ಪ್ರತಿಯೊಂದನ್ನೂ ಎರಡು ರೀತಿಯ ಗೆರೆಗಳಲ್ಲಿ ಬರೆಯಲು ಬರುವಂತೆ ಮಾಡಿ, ಯಾವುದನ್ನು ಯಾವ ರೀತಿಯಲ್ಲಿ ಬರೆದಿದೆ ಎಂಬುದರಲ್ಲೇ ಹದಿಮೂರನೆಯ ಅಂಕಿಯನ್ನು ಅಡಗಿಸಿದರು. ಆ ಅಂಕಿಗೆ ಬೇರೆ ಗೆರೆಯೇ ಇಲ್ಲ!

ನಿಮ್ಮ ಕೈಯ ಬಿಸ್ಕತ್ತಿನ ಪೊಟ್ಟಣದಲ್ಲಿ ಇದು ಕಾಣುತ್ತದೆ. ನಮ್ಮ ದೇಶದ ಹೆಚ್ಚಿನ ಸಾಮಾನುಗಳ ಸಂಖ್ಯೆ 890 ಎಂದು ಆರಂಭವಾಗುತ್ತದೆ. ಆ 8 ಗೆರೆಗಳ ಕೆಳಗಿಲ್ಲ. ಎಡಗಡೆ ಹೊರಗೆ, ಜಗಲಿಯ ಮೇಲೆ ಕುಳಿತ ನೆಂಟರ ಹಾಗೆ ಒಂಟಿಯಾಗಿದೆ. ಮೊದಲ ಸ್ಥಾನದಲ್ಲಿ ಕುಳಿತಿದ್ದರೂ ಹುಟ್ಟಿನಲ್ಲಿ ಅದೇ ಹದಿಮೂರನೆಯದು. (890 ಎಂದರೆ ಭಾರತದಲ್ಲೇ ತಯಾರಾದ ಸಾಮಾನು ಎಂದು ಹಲವರು ನಂಬಿದ್ದಾರೆ. ಹಾಗಲ್ಲ. ಆ ಸಂಖ್ಯೆಯನ್ನು ಕೊಟ್ಟದ್ದು ಭಾರತದ ಸಂಸ್ಥೆ ಎಂದಷ್ಟೇ ಅದರ ಅರ್ಥ. ಸಾಮಾನು ಎಲ್ಲಿಯಾದರೂ ತಯಾರಾಗಿರಬಹುದು.)

ಇನ್ನು ಆರೂ ಹಂಸಗಳು ಬಲಕ್ಕೇ ಮುಖ ಮಾಡಿದ್ದರೆ? ಅದಕ್ಕೆ ಸೊನ್ನೆ ಎಂದು ಅರ್ಥ. ಸೊನ್ನೆ ಎಂದರೆ ಅಮೆರಿಕದ ಹಳೆಯ 12 ಅಂಕಿಯ ಸಂಖ್ಯೆ. ಅಂದರೆ ಯೂರೋಪಿನವರು ಹೊಸ ಮನೆ ಕಟ್ಟುವಾಗ ಅಮೆರಿಕದ ಇಡೀ ಮನೆಯನ್ನೇ ಒಂದು ಕೋಣೆಯಾಗಿ ಒಳಗಿಟ್ಟುಕೊಂಡರು. ಮುಂದೊಂದು ಸೊನ್ನೆ ಸೇರಿಸಿದರೆ ತಾಳೆಯ ಅಂಕಿಯೂ ಬದಲಾಗುವುದಿಲ್ಲ. ಅಮೆರಿಕದ ಡಬ್ಬಿ ಪ್ಯಾರಿಸ್ಸಿನಲ್ಲಿ ಮಾತಾಡಿತು. ಮರುವರ್ಷವೇ, 1978ರಲ್ಲಿ, ಜಪಾನ್ ಈ ಕೂಟಕ್ಕೆ ಸೇರಿತು. ಒಂದೊಂದೇ ದೇಶ ಸೇರುತ್ತ ಹೋಯಿತು. ನಮ್ಮಲ್ಲಿ ವಾಣಿಜ್ಯ ಸಚಿವಾಲಯವೂ ಉದ್ಯಮ ಸಂಘಗಳೂ ಸೇರಿ ಇ.ಎ.ಎನ್. ಇಂಡಿಯಾ ಸ್ಥಾಪಿಸಿದ್ದು 1996ರಲ್ಲಿ.

ಇಲ್ಲಿಯವರೆಗೆ ಕಥೆ ಸುಖವಾಗಿದೆ. ಈಗ ಇನ್ನೊಂದು ಮುಖ.

ಹೊಸ ಮನೆಯಲ್ಲಿ ಹಳೆಯದಕ್ಕೆ ಕೋಣೆ ಇತ್ತು, ಹಳೆಯ ಮನೆಯಲ್ಲಿ ಹೊಸದಕ್ಕೆ ಕೋಣೆ ಇರಲಿಲ್ಲ. ಅಮೆರಿಕದ ಅಂಗಡಿಗಳ ಗಣಕಗಳು 12 ಮನೆಯ ಕೋಷ್ಟಕ ಹಾಕಿಕೊಂಡು ಕುಳಿತಿದ್ದವು. 13 ಅಂಕಿಯ ಸಾಮಾನು ಬಂದರೆ ಅನೇಕ ಕಡೆ ಅದನ್ನು ಬರೆದುಕೊಳ್ಳಲು ಜಾಗವೇ ಇರಲಿಲ್ಲ. ಹಾಗಾದರೆ ಅಲ್ಲಿ ಮಾರಬೇಕೆನ್ನುವ ಹೊರದೇಶದವರು ಏನು ಮಾಡಬೇಕು? ತಮ್ಮ ದೇಶದ ಸಂಖ್ಯೆ ಇದ್ದರೂ ಅಮೆರಿಕದ ಸಂಖ್ಯೆಯನ್ನು ಬೇರೆಯಾಗಿ ಪಡೆಯಬೇಕು. ಒಂದೇ ಚಹಾಪುಡಿಗೆ ಊರಿಗೊಂದು, ಪರಸ್ಥಳಕ್ಕೊಂದು ಎಂದು ಎರಡು ಚೀಟಿ ಮುದ್ರಿಸಬೇಕು, ಎರಡು ದಾಸ್ತಾನು ಇಟ್ಟುಕೊಳ್ಳಬೇಕು. ದೊಡ್ಡ ಕಂಪನಿಗೆ ಇದು ಲೆಕ್ಕಕ್ಕಿಲ್ಲ. ಸಣ್ಣವರಿಗೆ ಲಾಭದ ಅಂಚೇ ಅದು.

ಇದು ಒಂದೆರಡು ವರ್ಷದ ಕಷ್ಟವೂ ಆಗಿರಲಿಲ್ಲ. ಎಲ್ಲ ಅಂಗಡಿಗಳೂ 13 ಅಂಕಿ ಓದಲು ಸಿದ್ಧವಾಗಬೇಕು ಎಂದು ಅಮೆರಿಕದವರು 1997ರಲ್ಲಿ ಗಡುವು ಗೊತ್ತುಮಾಡಿದರು. ಆ ಗಡುವು ಬಂದದ್ದು 2005ರ ಜನವರಿ 1ರಂದು. 1977ರಿಂದ ಎಣಿಸಿದರೆ ಸುಮಾರು 28 ವರ್ಷ. ಕಿರಿಯವನು ಹುಟ್ಟಿದ ದಿನವೇ ಹಿರಿಯನಿಗೆ ಜಾಗ ಮಾಡಿಕೊಟ್ಟ; ಹಿರಿಯನಿಗೆ ಕಿರಿಯನಿಗಾಗಿ ಸ್ವಲ್ಪ ಸರಿದು ಕೂರಲು ಅಷ್ಟು ಕಾಲ ಬೇಕಾಯಿತು. ಅದೇ 2005ರಲ್ಲಿ ಎರಡೂ ಸಂಘಗಳು ಒಂದಾಗಿ ಜಿ.ಎಸ್. ಒನ್ ಎಂಬ ಒಂದೇ ಹೆಸರು ಇಟ್ಟುಕೊಂಡವು. ಗೆದ್ದವರು ಯಾರು? ಗೆರೆಗಳ ರೂಪ ಅಮೆರಿಕದ್ದು, ಸಂಖ್ಯೆಯ ಉದ್ದ ಯೂರೋಪಿನದು. ಮಗು ಮೂಗು ತಾಯಿಯದು, ನಡಿಗೆ ಅತ್ತೆಯದು ಎನ್ನುತ್ತಾರಲ್ಲ, ಹಾಗೆ.

ಇದೇ ಸಂಬಂಧದ ಇನ್ನೊಂದು ಎಳೆ ನಿಮ್ಮ ಪುಸ್ತಕದ ಕಪಾಟಿನಲ್ಲೂ ಇದೆ. ಪುಸ್ತಕ ವ್ಯಾಪಾರಿಗಳು ದಿನಸಿಯವರಿಗಿಂತ ಮುಂಚೆಯೇ ಎಚ್ಚೆತ್ತವರು. ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ಶುರುವಾದ 9 ಅಂಕಿಯ ಪುಸ್ತಕ ಸಂಖ್ಯೆ, 1970ರಲ್ಲಿ 10 ಅಂಕಿಯ ಐ.ಎಸ್.ಬಿ.ಎನ್. ಎಂದು ಜಗತ್ತಿನದಾಯಿತು. ಆಮೇಲೆ ಗೆರೆಗಳು ಬಂದವು. ಪುಸ್ತಕವನ್ನೂ ಸೋಪು, ಬಿಸ್ಕತ್ತುಗಳ ಹಾಗೆ ಯಂತ್ರದ ಮೇಲೆ ಸರಿಸಬೇಕಾಯಿತು. ಆದರೆ ಪುಸ್ತಕದ ಸಂಖ್ಯೆಗೆ ತನ್ನದೇ ದೇಶಭಾಷೆಗಳ ವಿಂಗಡಣೆ ಇತ್ತು, ಅದನ್ನು ಮುರಿಯುವಂತಿರಲಿಲ್ಲ. ಆಗ ಇ.ಎ.ಎನ್.ನವರು ಒಂದು ಸೊಗಸಾದ ಉಪಾಯ ಮಾಡಿದರು. ಪುಸ್ತಕಗಳಿಗೆ ಒಂದು ಕಲ್ಪನೆಯ ದೇಶವನ್ನೇ ಕೊಟ್ಟುಬಿಟ್ಟರು! ಅದನ್ನು ಬುಕ್‌ಲ್ಯಾಂಡ್, ಅಂದರೆ ಪುಸ್ತಕಗಳ ನಾಡು, ಎಂದು ಕರೆದರು. ಅದರ ಸಂಖ್ಯೆ 978.

ಸೈನ್ಯವಿಲ್ಲದ, ಗಡಿಯಿಲ್ಲದ ದೇಶ. ನಿಮ್ಮ ಮನೆಯ ಯಾವುದಾದರೂ ಪುಸ್ತಕದ ಬೆನ್ನನ್ನು ನೋಡಿ: 978, ಆಮೇಲೆ ಭಾರತದ 81 ಅಥವಾ 93. ಕೆಲವು ಕಾಲ ಪುಸ್ತಕದ ಮೇಲೆ 10 ಅಂಕಿಯೂ 13 ಅಂಕಿಯೂ ಎರಡೂ ಇರುತ್ತಿದ್ದವು. 2007ರ ಜನವರಿ 1ರಿಂದ ಐ.ಎಸ್.ಬಿ.ಎನ್. ತಾನೇ 13 ಅಂಕಿಯದಾಯಿತು. ಅಂಕಿಗಳ ಕೊನೆಯಲ್ಲಿ ಆಗೀಗ ಕಾಣಿಸಿಕೊಳ್ಳುತ್ತಿದ್ದ ಎಕ್ಸ್ ಎಂಬ ಅಕ್ಷರ ಹೋಯಿತು. ಸರಸ್ವತಿ ತನ್ನ ಹೆಸರು ಬಿಡಲಿಲ್ಲ, ಲಕ್ಷ್ಮಿಯ ಲೆಕ್ಕದ ಪುಸ್ತಕದಲ್ಲಿ ಒಂದು ಪುಟ ಪಡೆದಳು ಎನ್ನಬಹುದು.

ಇಷ್ಟು ಸಾಮಾನಿನ ಹೆಸರಿನ ಮಾತಾಯಿತು. ಆದರೆ ಸಂಖ್ಯೆ ಇದ್ದರೆ ವ್ಯಾಪಾರ ನಡೆಯುವುದಿಲ್ಲ. ‘ಇಷ್ಟು ಕಳಿಸಿ’ ಎಂದು ಬರೆಯಬೇಕು, ‘ಕಳಿಸಿದ್ದೇವೆ’ ಎಂದು ಅವರು ಬರೆಯಬೇಕು, ‘ಹಣ ಕೊಡಿ’ ಎಂದು ಬಿಲ್ಲು ಬರಬೇಕು. ನನ್ನ ತಂಗಿಯ ಮಗಳು ಒಂದು ರಫ್ತು ಕಂಪನಿಯಲ್ಲಿ ಈ ಕಾಗದಪತ್ರಗಳನ್ನು ನೋಡಿಕೊಳ್ಳುತ್ತಾಳೆ. ‘ಅದೇನೇ ಅಷ್ಟು ಕಷ್ಟ? ಒಂದು ಪತ್ರ ಬರೆದರಾಯಿತಲ್ಲ’ ಎಂದೆ. ‘ದೊಡ್ಡಮ್ಮ, ನೀವು ಚೀಟೀಲಿ ತೊ.ಬೇಳೆ ಎರಡು ಅಂತ ಬರೆದ್ರೆ ಅಂಗಡಿ ಶೆಟ್ಟರು ಎರಡು ಕಿಲೋ ತೊಗರಿಬೇಳೆ ಕಟ್ಟಿಕೊಡ್ತಾರೆ. ಅವರಿಗೆ ನೀವೂ ಗೊತ್ತು, ನಿಮ್ಮನೇನೂ ಗೊತ್ತು. ಕಂಪ್ಯೂಟರಿಗೆ ನೀವು ಯಾರು? ಎರಡು ಕಿಲೋನೋ ಎರಡು ಮೂಟೆನೋ, ಅದಕ್ಕೇನು ಗೊತ್ತಾಗುತ್ತೆ?’ ಎಂದಳು. ಆ ಮೇಲೆ ಅವಳು ಹೇಳಿದ್ದರ ಬೆನ್ನುಹತ್ತಿ ನಾನೂ ಸ್ವಲ್ಪ ಓದಿಕೊಂಡೆ.

ಈ ಯಂತ್ರಪತ್ರಗಳ ಮೂಲ ಒಂದು ಹಸಿದ ಊರಿನಲ್ಲಿದೆ. 1948ರ ಜೂನ್‌ನಲ್ಲಿ ಸೋವಿಯತ್ ಸೇನೆ ಪಶ್ಚಿಮ ಬರ್ಲಿನ್ನಿಗೆ ಹೋಗುವ ರಸ್ತೆ, ರೈಲುಗಳನ್ನೆಲ್ಲ ಮುಚ್ಚಿತು. ಊರಿನ ಜನಕ್ಕೆ ಹಿಟ್ಟು, ಕಲ್ಲಿದ್ದಲು, ಹಾಲಿನಪುಡಿ ಎಲ್ಲವನ್ನೂ ವಿಮಾನದಲ್ಲೇ ಸಾಗಿಸಬೇಕಾಯಿತು. ಬೇರೆ ಬೇರೆ ದೇಶಗಳಿಂದ ಬಂದ ಸಾಮಾನು, ಒಂದೊಂದಕ್ಕೆ ಒಂದೊಂದು ನಮೂನೆಯ ಪಟ್ಟಿ, ಒಂದೊಂದು ಭಾಷೆ. ಎಡ್ವರ್ಡ್ ಗಿಲ್ಬರ್ಟ್ ಎಂಬ ಅಮೆರಿಕನ್ ಸೈನಿಕ ಅಧಿಕಾರಿ, ಟೆಲೆಕ್ಸ್‌ನಲ್ಲೂ ಟೆಲಿಫೋನಿನಲ್ಲೂ ಕಳಿಸಬಹುದಾದ ಒಂದೇ ನಮೂನೆಯ ಪಟ್ಟಿ ಮಾಡಿದ. ಯುದ್ಧದ ನೆರಳಿನಲ್ಲಿ ಕಲಿತ ಪಾಠವನ್ನು ಆತ ಮುಂದೆ ಕಂಪನಿಗಳ ನಡುವಿನ ಸಾಗಣೆಗೆ ತಂದ. 1968ರಲ್ಲಿ ಸಾಗಣೆ ಉದ್ಯಮದವರ ಸಮಿತಿಯಾಯಿತು. 1979ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಎಕ್ಸ್ ಟ್ವೆಲ್ವ್ ಎಂಬ ಸಮಿತಿ ಮಾಡಿ ಎಲ್ಲ ವ್ಯಾಪಾರಕ್ಕೂ ಒಂದು ಪದ್ಧತಿ ರೂಪಿಸಹೊರಟಿತು.

ಮತ್ತೆ ಅದೇ ಕಥೆ. ಯೂರೋಪಿನಲ್ಲಿ ಬೇರೆ ಪದ್ಧತಿ ಬೆಳೆಯುತ್ತಿತ್ತು. ವಿಶ್ವಸಂಸ್ಥೆ ಇಬ್ಬರನ್ನೂ ಕೂರಿಸಿ ಮಾತಾಡಿಸಿತು. ಎರಡೂ ಕಡೆಯಿಂದ ಒಂದಷ್ಟು ತೆಗೆದು ಮಾಡಿದ ಎಡಿಫ್ಯಾಕ್ಟ್ ಎಂಬ ಪದ್ಧತಿಗೆ 1987ರಲ್ಲಿ ಅಂತರರಾಷ್ಟ್ರೀಯ ಮುದ್ರೆ ಬಿತ್ತು. ಅಮೆರಿಕದ ಕ್ರಮದಲ್ಲಿ ಬೇಡಿಕೆಪತ್ರಕ್ಕೆ 850 ಎಂದು ಹೆಸರು, ಬಿಲ್ಲಿಗೆ 810. ಎಡಿಫ್ಯಾಕ್ಟ್‌ನಲ್ಲಿ ಅಂಕಿಯ ಬದಲು ಆರು ಅಕ್ಷರದ ಹೆಸರು. ಇನ್‌ವಾಯ್ಸ್ ಎಂಬ ಇಂಗ್ಲಿಷ್ ಮಾತಿನ ಕೊನೆಯ ಅಕ್ಷರವನ್ನು ಕತ್ತರಿಸಿ ಆರಕ್ಕೆ ಹೊಂದಿಸಿದ್ದಾರೆ. 1992ರಲ್ಲಿ ಅಮೆರಿಕದ ಸಮಿತಿಯೇ, 1997ರ ನಂತರ ನಾವೂ ಎಡಿಫ್ಯಾಕ್ಟ್‌ಗೆ ಹೋಗೋಣ ಎಂದು ಮತ ಹಾಕಿತು. ಹೋಗಲಿಲ್ಲ. ಕೋಟಿಗಟ್ಟಲೆ ಪತ್ರಗಳು ಹಳೆಯ ನಮೂನೆಯಲ್ಲೇ ಓಡಾಡುತ್ತಿದ್ದವು. ಒಡೆಯದ ಮಡಕೆಯನ್ನು ಯಾರು ಬದಲಿಸುತ್ತಾರೆ? ಇಂದಿಗೂ ಎರಡೂ ಇವೆ, ನಡುವೆ ದುಭಾಷಿಯಂಥ ತಂತ್ರಾಂಶಗಳಿವೆ. ‘ಅಮೆರಿಕದವರಿಗೆ ಒಂದು, ಜರ್ಮನಿಯವರಿಗೆ ಒಂದು. ದುಭಾಷಿಯ ಸಂಬಳ ಕೊಡೋರು ನಾವು’ ಎನ್ನುತ್ತಾಳೆ ನನ್ನ ತಂಗಿಯ ಮಗಳು.

ಇಂಟರ್‌ನೆಟ್ ಬಂದ ಮೇಲೆ ಹೊಸ ಪತ್ರಗಳು, ಹೊಸ ಪೈಪೋಟಿ. 2004ರಲ್ಲಿ ಯು.ಬಿ.ಎಲ್. ಎಂಬ ಉಚಿತ ಪದ್ಧತಿ ಹೊರಬಂತು. ಅದರ ಎದುರಿಗೆ ವಿಶ್ವಸಂಸ್ಥೆಯ ಕಡೆಯದೇ ಇನ್ನೊಂದು. ಯೂರೋಪಿನ ಒಕ್ಕೂಟ ಸರ್ಕಾರಿ ಖರೀದಿಯ ಬಿಲ್ಲುಗಳಿಗೆ ಒಂದು ಕ್ರಮ ಬೇಕೆಂದಾಗ ಯಾವುದನ್ನು ಆರಿಸಬೇಕು? 2017ರಲ್ಲಿ ಬಂದ ಅವರ ಮಾನಕ ಎರಡನ್ನೂ ಒಪ್ಪಿತು. ಆದರೆ ಅದಕ್ಕೆ ಮೊದಲು ಒಂದು ಕೆಲಸ ಮಾಡಿತು: ಬಿಲ್ಲಿನಲ್ಲಿ ಏನೇನು ಇರಬೇಕು, ಒಂದೊಂದು ಮಾತಿಗೆ ಏನು ಅರ್ಥ ಎಂದು ಮೊದಲು ನಿಶ್ಚಯಿಸಿತು; ಬರೆಯುವ ಲಿಪಿ ಎರಡರಲ್ಲಿ ಯಾವುದಾದರೂ ಸರಿ ಎಂದಿತು. ಅರ್ಥ ಒಂದಾದರೆ ಲಿಪಿಯ ಜಗಳ ಅರ್ಧ ಮುಗಿದಂತೆ. 1970ರಲ್ಲಿ ದಿನಸಿಯವರು, ಗುರುತು ಆಮೇಲೆ, ಸಂಖ್ಯೆ ಮೊದಲು ಎಂದದ್ದೂ ಇದೇ ಜಾಣತನ ತಾನೆ?

ನಮ್ಮ ದೇಶ ಈ ಅಂಗಳಕ್ಕೆ ಬಂದದ್ದು ಜಿ.ಎಸ್.ಟಿ.ಯ ಜೊತೆಗೆ. 2020ರ ಅಕ್ಟೋಬರ್ 1ರಿಂದ, ವರ್ಷಕ್ಕೆ 500 ಕೋಟಿ ರೂಪಾಯಿಗೂ ಹೆಚ್ಚು ವಹಿವಾಟಿನ ಕಂಪನಿಗಳು ಬೇರೆ ವ್ಯಾಪಾರಿಗಳಿಗೆ ಕೊಡುವ ಬಿಲ್ಲನ್ನು ಒಂದೇ ನಮೂನೆಯಲ್ಲಿ ಗಣಕದ ಮೂಲಕ ನೋಂದಾಯಿಸಬೇಕಾಯಿತು. ಆ ಮಿತಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ 2023ರ ಆಗಸ್ಟ್‌ನಲ್ಲಿ 5 ಕೋಟಿಗೆ ಬಂತು. ನಮ್ಮವರು ನಮೂನೆಯನ್ನು ಸೊನ್ನೆಯಿಂದ ಕಟ್ಟಲಿಲ್ಲ, ಆ ಯು.ಬಿ.ಎಲ್. ಮಾದರಿಯನ್ನು ಎದುರಿಗಿಟ್ಟುಕೊಂಡು, ನಮ್ಮ ತೆರಿಗೆಗೆ ಬೇಕಾದ್ದನ್ನು ಸೇರಿಸಿದರು.

ಆ ಬಿಲ್ಲಿನಲ್ಲಿ ಎಚ್.ಎಸ್.ಎನ್. ಎಂಬ ಸಂಖ್ಯೆಯೊಂದು ಇರುತ್ತದೆ. ನಾವು ತರುವ ಬಿಲ್ಲುಗಳಲ್ಲೂ ಕೆಲವೊಮ್ಮೆ ಕಾಣುತ್ತದೆ. 1988ರಲ್ಲಿ ಜಾರಿಗೆ ಬಂದ, 200ಕ್ಕೂ ಹೆಚ್ಚು ದೇಶ ಪ್ರದೇಶಗಳು ಬಳಸುವ ಸರಕುಗಳ ಪಟ್ಟಿ ಅದು. ಮೊದಲ 6 ಅಂಕಿ ಎಲ್ಲ ದೇಶಗಳಿಗೂ ಒಂದೇ. ಅದರಾಚೆಗೆ ಆಯಾ ದೇಶ ತನಗೆ ಬೇಕಾದಂತೆ ಅಂಕಿ ಸೇರಿಸಿಕೊಳ್ಳಬಹುದು. ನಮ್ಮಲ್ಲಿ 8. 1905 ಎಂದರೆ ಬ್ರೆಡ್ಡು, ಬಿಸ್ಕತ್ತು, ಕೇಕುಗಳ ಮನೆ. 190590 ಎಂದರೆ ಅಂಥವೇ ಇತರ ಪದಾರ್ಥಗಳು. ಜಗತ್ತಿನ ಪಟ್ಟಿ ಅಲ್ಲಿಗೆ ನಿಲ್ಲುತ್ತದೆ; ಅದಕ್ಕೆ ಹಪ್ಪಳ ಗೊತ್ತಿಲ್ಲ. ನಮ್ಮ ಪಟ್ಟಿ ಮುಂದೆ ಹೋಗಿ 19059040 ಎನ್ನುತ್ತದೆ. ಅದು ಹಪ್ಪಳ! ಮಹಡಿಯ ಬಿಸಿಲಿನಲ್ಲಿ ಸೀರೆ ಹಾಸಿ ಒಣಗಿಸಿದ ಹಪ್ಪಳಕ್ಕೆ ಸರಕುಗಳ ಮಹಾಸಭೆಯಲ್ಲಿ ಆಸನ ಸಿಕ್ಕಿದ್ದು ಕೊನೆಯ ಆ ಎರಡು ಅಂಕಿಗಳಲ್ಲಿ. ‘ಇತರೆ’ ಎಂಬ ಮಾತಿನ ಆಚೆಗೆ ಎರಡು ಮನೆ ಖಾಲಿ ಬಿಟ್ಟಿದ್ದರಿಂದ.

ಇದೆಲ್ಲ ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ ಸಂಘಗಳು ರೊಟ್ಟಿ, ಶೇಂಗಾಚಟ್ನಿ, ಹಪ್ಪಳ, ಸಾರಿನಪುಡಿ ಮಾಡಿ ಮಾರುತ್ತವೆ. ಸಂತೆಯಲ್ಲಿ, ಪರಿಚಯದವರ ಮನೆಯಲ್ಲಿ ಮಾರುವವರೆಗೆ ಬಾಯಿಮಾತು ಸಾಕು. ದೊಡ್ಡ ಅಂಗಡಿಯ ಕಪಾಟಿಗೆ ಹೋಗಬೇಕೆಂದರೆ ಮೊದಲು ಕೇಳುವುದೇ ಗೆರೆಗಳನ್ನು. ಶುಲ್ಕ ಕಟ್ಟಿ 890ರ ಸಂಖ್ಯೆ ಪಡೆಯಬೇಕು. ಹೊರದೇಶದ ಅಂಗಡಿಗೆ ಈಗ ಇನ್ನೊಂದು ಸಂಖ್ಯೆ ಬೇಡ. 2005ರಿಂದೀಚೆಗೆ ಅದೇ ಸಂಖ್ಯೆ ಅಮೆರಿಕದಲ್ಲೂ ನಡೆಯಬೇಕು ಎಂಬ ಒಪ್ಪಂದವಿದೆ. ಹಿಂದಿನ 28 ವರ್ಷ ಹಾಗಿರಲಿಲ್ಲ ಎಂದು ತಿಳಿದಿದ್ದರೆ ಈ ಅನುಕೂಲದ ಬೆಲೆ ಗೊತ್ತಾಗುತ್ತದೆ.

ಈಗ ಗೆರೆಗಳ ಜಾಗಕ್ಕೆ ಚೌಕದ ಗುರುತು ಬರುತ್ತಿದೆ. ಜಪಾನಿನ ಡೆನ್ಸೊ ಕಂಪನಿಯವರು 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ ಮಾಡಿದ, ನಾವು ತರಕಾರಿಯವರಿಗೆ ದುಡ್ಡು ಕೊಡುವಾಗ ಫೋನು ಹಿಡಿಯುವ, ಆ ಕ್ಯೂ.ಆರ್. ಗುರುತು. 2027ರ ಕೊನೆಯೊಳಗೆ ಅಂಗಡಿಗಳ ಯಂತ್ರಗಳು ಗೆರೆ, ಚೌಕ ಎರಡನ್ನೂ ಓದುವಂತಾಗಬೇಕೆಂದು ಜಿ.ಎಸ್. ಒನ್ ಸಂಸ್ಥೆ ಗುರಿ ಇಟ್ಟುಕೊಂಡಿದೆ. ಚೌಕದೊಳಗೆ ಹೆಚ್ಚು ವಿವರ ಹಿಡಿಯುತ್ತದೆ. ತಯಾರಾದ ಕಂತು, ಕೆಡುವ ದಿನಾಂಕ ಎಲ್ಲವೂ. ಆದರೆ ಅದರ ಒಳಗೆ ಕೂರುವ ಸಾಮಾನಿನ ಸಂಖ್ಯೆ ಗೆರೆಗಳಲ್ಲಿದ್ದ ಅದೇ ಸಂಖ್ಯೆ. ಈ ಸಲವೂ ಹೊಸದು ಹಳೆಯದನ್ನು ಮಡಿಲಲ್ಲಿಟ್ಟುಕೊಂಡೇ ಬರುತ್ತಿದೆ.

ಬರಲಿ. ಒಂದು ಮಾತನ್ನು ಮಾತ್ರ ನಾವು ಕೇಳುತ್ತಿರಬೇಕು: ಚೌಕ ಓದುವ ಯಂತ್ರ ಕೊಳ್ಳಲಾರದ ಬೀದಿಯಂಗಡಿಯವರಿಗೆ, ಚೀಟಿ ಬದಲಿಸಲು ಹಣವಿಲ್ಲದ ಹಪ್ಪಳದ ಸಂಘಕ್ಕೆ ಎಷ್ಟು ಕಾಲ ಕೊಟ್ಟಿದ್ದಾರೆ? ದೊಡ್ಡವರು ಸರಿದು ಕೂರಲು 28 ವರ್ಷ ತೆಗೆದುಕೊಂಡದ್ದುಂಟು. ಸಣ್ಣವರಿಗೆ ಒಂದೆರಡು ವರ್ಷವಾದರೂ ಹೆಚ್ಚು ಬಿಟ್ಟರೆ ಯಾರ ಲೆಕ್ಕವೂ ತಪ್ಪುವುದಿಲ್ಲ.